ಕಿಡ್ನಿ ಕಸಿ ಅಧ್ಯಯನದಲ್ಲಿ ರೋಗಿಯೇ ಸಹ-ಮುಖ್ಯಸ್ಥ: ಅಧಿಕಾರವನ್ನು ಕಾಗದಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ – ಅಧ್ಯಯನ ಸಂಯೋಜಕಿ, ಬೆಂಗಳೂರು

ನಮಸ್ಕಾರ. ಕಿಡ್ನಿ ಕಸಿಯಾದ ಮೊದಲ ವರ್ಷದಲ್ಲಿ ಮಾತ್ರೆ ತಪ್ಪಿಹೋಗುವುದರ ಬಗ್ಗೆ ಅಧ್ಯಯನಕ್ಕೆ ಅನುದಾನದ ಅರ್ಜಿ ತಯಾರಾಗುತ್ತಿದೆ. ಕಸಿ ಮಾಡಿಸಿಕೊಂಡವರೊಬ್ಬರನ್ನು ಸಹ-ಮುಖ್ಯಸ್ಥರನ್ನಾಗಿ ಮಾಡುವ ಆಲೋಚನೆಯಿದೆ. ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪರ ಒಬ್ಬ ಸದಸ್ಯರು ಇದ್ದೇ ಇರುತ್ತಾರೆ, ಅಷ್ಟು ಸಾಲದೇ ಎಂದು ತಂಡದಲ್ಲಿ ಕೇಳುತ್ತಿದ್ದಾರೆ. ಏನು ಹೇಳಲಿ? ಅರ್ಜಿಯಲ್ಲಿ ಏನೇನು ಬರೆಯಬೇಕು?

ಉತ್ತರ 1 – ನೆಫ್ರಾಲಜಿ (ಕಿಡ್ನಿ ವೈದ್ಯಕೀಯ) ಸಂಶೋಧಕ

ಸಾಲದು ಮೇಡಂ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಹೇಳಿರುವ ಆ ಸದಸ್ಯರು ಅಧ್ಯಯನವನ್ನು ಹೊರಗೆ ನಿಂತು ತೂಗುವವರು. ಅವರಿಗೆ ಕಸಿಯ ಅನುಭವ ಇರಬೇಕೆಂದೇನೂ ಇಲ್ಲ. ನಿಮಗೆ ಬೇಕಿರುವುದು ಒಳಗೆ ಕೂತು ಪ್ರಶ್ನೆಯನ್ನೇ ರೂಪಿಸುವವರು.

ಅವರನ್ನು ಯಾವಾಗ ಕರೆಯುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಮುಗಿದ ಮೇಲೆ ಕರೆದರೆ ಅವರ ಪಾಲಿಗೆ ಉಳಿಯುವುದು ಒಪ್ಪಿಗೆ ಪತ್ರದ ಭಾಷೆ ತಿದ್ದುವ ಕೆಲಸ ಮಾತ್ರ. ಕಸಿ ಅಧ್ಯಯನಗಳ ಅಳತೆಗಳನ್ನು ಏಕರೂಪ ಮಾಡುವ ಅಂತರರಾಷ್ಟ್ರೀಯ ಸಾಂಗ್-ಟಿಎಕ್ಸ್ ಯೋಜನೆಯನ್ನೇ ನೋಡಿ. ಕಿಡ್ನಿ ಕಸಿಯ ಪ್ರತಿ ಟ್ರಯಲ್‌ನಲ್ಲೂ ಏನನ್ನು ಅಳೆಯಬೇಕೆಂದು ರೋಗಿಗಳು, ಆರೈಕೆ ಮಾಡುವವರು, ವೈದ್ಯರು 1ರಿಂದ 9ರವರೆಗೆ ಅಂಕ ಕೊಟ್ಟು ತೀರ್ಮಾನಿಸಿದರು. ಕಸಿ ಕಿಡ್ನಿಯ ಆರೋಗ್ಯ, ಹೃದ್ರೋಗ, ಕ್ಯಾನ್ಸರ್, ಸೋಂಕು, ಸಾವು ಇವುಗಳ ಸಾಲಿನಲ್ಲೇ ‘ಬದುಕಿನಲ್ಲಿ ಪಾಲ್ಗೊಳ್ಳುವಿಕೆ’ಯೂ ಸೇರಿತು: ಕೆಲಸ, ಓದು, ಸಂಸಾರ, ಓಡಾಟ. ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆಯ ಕ್ರಿಯೇಟಿನಿನ್ ಸಂಖ್ಯೆ ಇದನ್ನು ಹೇಳುವುದಿಲ್ಲ.

ಉತ್ತರ 2 – ಟ್ರಯಲ್ ಮ್ಯಾನೇಜರ್, ಕೆನಡಾ

ಇಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಕಸಿ ಸಂಶೋಧನಾ ಜಾಲದಲ್ಲಿ (ಈಗ ಸಿಡಿಟಿಆರ್‌ಪಿ) ರೋಗಿಗಳು, ಅವರ ಮನೆಯವರು, ದಾನಿಗಳು ಸಂಶೋಧಕರ ಜೊತೆ ಪಾಲುದಾರರು. ಅರ್ಜಿಯಲ್ಲಿ ಹೆಸರು ‘ಸಹ-ಸಂಶೋಧಕ’ ಎಂದೇ ಇರಲಿ, ‘ಸಲಹೆಗಾರ’ ಬೇಡ. ಜೊತೆಗೆ ಒಂದು ಪುಟದ ಒಪ್ಪಂದ ಮಾಡಿ: ಯಾವ ತೀರ್ಮಾನಗಳಲ್ಲಿ ಮತವಿದೆ, ತಿಂಗಳಿಗೆ ಎಷ್ಟು ಗಂಟೆ, ಅವಧಿ ಎಷ್ಟು, ಭಿನ್ನಾಭಿಪ್ರಾಯ ಬಂದರೆ ಯಾರ ಹತ್ತಿರ ಹೋಗಬೇಕು.

ಸಂಭಾವನೆಗೆ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಬೇಕು, ಪ್ರಯಾಣದ ಖರ್ಚು ಬೇರೆ. ಆಮೇಲೆ ‘ಇತರೆ’ಯಿಂದ ಕೊಡೋಣ ಎಂದರೆ ಲೆಕ್ಕಪತ್ರ ವಿಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಲೇಖಕರ ಪಟ್ಟಿಗೆ ಐಸಿಎಂಜೆಇಯ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಾಲ್ಕೂ ನಿಯಮ ರೋಗಿಗೂ ಅನ್ವಯಿಸುತ್ತವೆ. ಹಾಗಾಗಿ ಕರಡು ಓದಿ ತಿದ್ದಲು ಸಮಯ ಕೊಡಿ, ಕೊನೆಗೆ ಹೆಸರು ಸೇರಿಸುವುದು ಸಲ್ಲದು. ರೋಗಿಯ ಪಾಲು ಏನಿತ್ತು, ಅದರಿಂದ ಏನು ಬದಲಾಯಿತು, ಎಲ್ಲಿ ಎಡವಿತು ಎಂದು ಪ್ರಬಂಧದಲ್ಲಿ ಬರೆಯಲು ಗ್ರಿಪ್2 (GRIPP2) ಎಂಬ ಚೆಕ್‌ಲಿಸ್ಟ್ ಇದೆ.

ಉತ್ತರ 3 – ಕಸಿ ಸಂಯೋಜಕ

ಒಬ್ಬರಲ್ಲ ಮೇಡಂ, ಇಬ್ಬರನ್ನು ತೆಗೆದುಕೊಳ್ಳಿ. ಸೋಂಕಿಗೋ ರಿಜೆಕ್ಷನ್‌ಗೋ (ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವುದು) ಒಬ್ಬರು ಅಡ್ಮಿಟ್ ಆದರೂ ಆ ಕುರ್ಚಿ ಖಾಲಿಯಾಗಬಾರದು. ಕಸಿಯಾದ ಮೊದಲ ಆರು ತಿಂಗಳು ಸೋಂಕಿನ ಭಯ ಜಾಸ್ತಿ, ಆಗ ಆನ್‌ಲೈನ್ ಸಭೆಯೇ ಸರಿ. ರಿಜೆಕ್ಷನ್ ತಡೆಯುವ ಟ್ಯಾಕ್ರೊಲಿಮಸ್ ಔಷಧಿಯ ಮಟ್ಟ ರಕ್ತದಲ್ಲಿ ನೋಡುವ ದಿನ ಬೆಳಗಿನ ಡೋಸ್‌ಗೆ ಮುಂಚೆ ರಕ್ತ ಕೊಡಬೇಕು, ಅಂದು ಬೆಳಿಗ್ಗೆ ಸಭೆ ಇಡಬೇಡಿ. ಕಾಗದಪತ್ರ ಒಂದು ವಾರ ಮೊದಲೇ, ಕನ್ನಡದಲ್ಲೂ ತಲುಪಲಿ.

ಉತ್ತರ 4 – ನೆಫ್ರಾಲಜಿ ಸಂಶೋಧಕ

ಇನ್ನೊಂದು ಮಾತು. ಮುಖ್ಯ ಸಂಶೋಧಕರೇ ಆ ರೋಗಿಯ ಡಾಕ್ಟರೂ ಆಗಿದ್ದರೆ ‘ಬೇಡ’ ಎನ್ನಲು ರೋಗಿಗೆ ಬಾಯಿ ಬರುವುದಿಲ್ಲ. ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರನ್ನು ಆರಿಸಿ, ಆಗದಿದ್ದರೆ ತಂಡದ ಬೇರೊಬ್ಬರು ಅವರ ಸಂಪರ್ಕದಲ್ಲಿರಲಿ. ಸಹ-ಮುಖ್ಯಸ್ಥರಾಗಿರುವುದಕ್ಕೆ ‘ಭಾಗಿದಾರ’ರ (ಅಧ್ಯಯನಕ್ಕೆ ಒಳಪಡುವವರ) ಒಪ್ಪಿಗೆ ಪತ್ರ ಬೇಕಿಲ್ಲ. ಆದರೆ ಸಂದರ್ಶನ ಮಾಡುವುದಾದರೆ, ಮಾಹಿತಿ ನೋಡುವುದಾದರೆ ತರಬೇತಿ ಕೊಡಿಸಿ, ಪ್ರೋಟೋಕಾಲ್‌ನಲ್ಲಿ ಹೆಸರು ಸೇರಿಸಿ, ಗೋಪ್ಯತಾ ಪತ್ರಕ್ಕೆ ಸಹಿ ಹಾಕಿಸಿ. ಕಸಿ ಕೇಂದ್ರಗಳು ಚಿಕ್ಕವು. ಊರು, ವಯಸ್ಸು, ಕಸಿಯ ತಿಂಗಳು ಮೂರೂ ಸೇರಿದರೆ ದಾನಿಯ ಗುರುತೇ ಸಿಕ್ಕಿಬಿಡುತ್ತದೆ.