ಅಮೆರಿಕದ ಟಿವಿ ಧಾರಾವಾಹಿ ‘ದಿ ವೈರ್’ನ ಮೊದಲ ಸೀಸನ್ನಿನ ಕೊನೆಯ ಕಂತು (ಕಥೆಯ ವಿವರಗಳಿವೆ)

ಪ್ರಶ್ನೆ – ಕದ್ರಿ, ಮಂಗಳೂರು:
2002ರಲ್ಲಿ ಪ್ರಸಾರವಾದ ಈ ಸೀಸನ್ನಿನ 13ನೆಯ ಕಂತನ್ನು ನಿನ್ನೆ ನೋಡಿ ಮುಗಿಸಿದೆ. ಬಾಲ್ಟಿಮೋರಿನ ಮಾದಕ ವಸ್ತು ಜಾಲದ ಯಜಮಾನ ಏವನ್‌ಗೆ 7 ವರ್ಷ, ಅವನ ಸೋದರಳಿಯ ಡಿ’ಏಂಜೆಲೊಗೆ 20 ವರ್ಷ ಶಿಕ್ಷೆಯಾಗುತ್ತದೆ. ಲೆಕ್ಕಪತ್ರ ನೋಡುವ ಸ್ಟ್ರಿಂಗರ್ ಬೆಲ್ ಹೊರಗೇ ಉಳಿಯುತ್ತಾನೆ. ನ್ಯಾಯ ಇಷ್ಟು ಅರೆಬರೆಯಾದರೂ ಈ ಮುಕ್ತಾಯ ತೃಪ್ತಿ ಕೊಡುವುದೇಕೆ?

ಉತ್ತರ – ಮಣಿಪಾಲ:
ಡಿ’ಏಂಜೆಲೊನ ಪ್ರಸಂಗವನ್ನೇ ಗಮನಿಸಿ. ವ್ಯಾಲೆಸ್ ಎಂಬ ಹುಡುಗನ ಕೊಲೆಯಿಂದ ಕಂಗೆಟ್ಟು, ಮಾವನ ವಿರುದ್ಧ ಸಾಕ್ಷಿ ಹೇಳಲು ಸಿದ್ಧನಾದವನನ್ನು ಹೆತ್ತ ತಾಯಿಯೇ ಬಂದು, ಬೆದರಿಸದೆ, ಮನೆತನದ ಋಣವನ್ನು ನೆನಪಿಸಿ ತಡೆಯುತ್ತಾಳೆ. ಸೋದರಮಾವನ ಆಸ್ತಿ ಅಳಿಯನಿಗೆ ಸಲ್ಲುವ ಅಳಿಯಕಟ್ಟು ಕಂಡ ನಮ್ಮ ಜಿಲ್ಲೆಯವರಿಗೆ ಮಾವ-ಅಳಿಯಂದಿರ ಈ ಬಿಗಿ ಬಿಡಿಸಿ ಹೇಳಬೇಕಾದದ್ದಲ್ಲ. ಪೊಲೀಸರ ಶ್ರಮವೆಲ್ಲ ಆ ಒಂದು ಭೇಟಿಯಲ್ಲಿ ಕರಗುವುದು ಅನಿರೀಕ್ಷಿತವಾದರೂ ಅಸಹಜವೆನಿಸುವುದಿಲ್ಲ.

ಉತ್ತರ – ಉಡುಪಿ:
ನನಗೆ ಪೊಲೀಸ್ ಇಲಾಖೆಯ ಚಿತ್ರಣವೇ ಹೆಚ್ಚು ಹಿಡಿಸಿತು. ಎಲ್ಲಿಗೆ ಹೋಗಲಾರೆನೆಂದು ಪತ್ತೇದಾರ ಮೆಕ್‌ನಲ್ಟಿ ಹೇಳಿದ್ದನೋ ಆ ದೋಣಿ ಗಸ್ತಿಗೇ ಅವನ ವರ್ಗಾವಣೆಯಾಗುತ್ತದೆ. ಸರಕಾರಿ ನೌಕರಿಯಲ್ಲಿರುವವರು ನಕ್ಕೇ ನಗುತ್ತಾರೆ! ಧಾರಾವಾಹಿಯನ್ನು ರೂಪಿಸಿದ ಡೇವಿಡ್ ಸೈಮನ್ ಅಪರಾಧ ವರದಿಗಾರರಾಗಿದ್ದವರು, ಜೊತೆಗೆ ಬರೆದ ಎಡ್ ಬರ್ನ್ಸ್ ಅದೇ ನಗರದ ಪತ್ತೇದಾರರಾಗಿದ್ದವರು. ಆ ಅನುಭವ ಇಲ್ಲಿ ಎದ್ದು ಕಾಣುತ್ತದೆ.

ಮತ್ತೆ ಕದ್ರಿಯಿಂದ:
ತಾಯಿಯ ದೃಶ್ಯವನ್ನು ಇಂದು ರಾತ್ರಿಯೇ ಇನ್ನೊಮ್ಮೆ ನೋಡುತ್ತೇನೆ. ಎರಡನೆಯ ಸೀಸನ್ ಬಂದರಿನ ಕಾರ್ಮಿಕರ ಕಥೆಯಂತೆ; ದಯವಿಟ್ಟು ಅದರ ಗುಟ್ಟು ಯಾರೂ ಬಿಡಬೇಡಿ.