ಸಿನ್ಸ್, ಫಾರ್: ಎರಡೂ ‘ಇಂದ’ನಾ?

ಸಿರಾ ಚಿಕ್ಕಪ್ಪ: ಫಾರ್ವರ್ಡ್ ಆದ ಚಿತ್ರ
‘ದಿನಕ್ಕೊಂದು ಇಂಗ್ಲಿಷ್: ಸಿನ್ಸ್, ಫಾರ್ ಎರಡಕ್ಕೂ ಅರ್ಥ “ಇಂದ”. ಹೆಚ್ಚು ಕಾಲಕ್ಕೆ ಸಿನ್ಸ್, ಕಡಿಮೆ ಕಾಲಕ್ಕೆ ಫಾರ್.’
ಎಸ್ಸೆಸ್ಸೆಲ್ಸಿ ಮಕ್ಕಳಿಗೆಲ್ಲ ಕಳಿಸ್ರಪ್ಪ.

ತಿಪಟೂರು ಅಕ್ಕ: ಚಿಕ್ಕಪ್ಪ, ದಯವಿಟ್ಟು ಕಳಿಸ್ಬೇಡಿ. ಕಾಲ ಹೆಚ್ಚೋ ಕಡಿಮೆಯೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ನೂರು ವರ್ಷ ಆಗಿದ್ರೂ ‘ಫಾರ್ ಎ ಹಂಡ್ರೆಡ್ ಇಯರ್ಸ್’. ಈಗ ನಾಲ್ಕು ಗಂಟೆಗೆ ಶುರುವಾದ ಮಳೆಗೂ ‘ಸಿನ್ಸ್ ಫೋರ್’. ಶುರುವಾದ ಗಳಿಗೆ ಹೇಳಿದ್ರೆ ಸಿನ್ಸ್, ಎಷ್ಟು ಹೊತ್ತು ಅಂತ ಅಳತೆ ಹೇಳಿದ್ರೆ ಫಾರ್.

ಸಿರಾ ಚಿಕ್ಕಪ್ಪ: ಅರ್ಥನಾದ್ರೂ ಸರಿ ಇದ್ಯಲ್ಲಮ್ಮ. 2019ರಿಂದ, ಐದು ವರ್ಷದಿಂದ. ಎರಡರಲ್ಲೂ ‘ಇಂದ’ನೇ.

ತಿಪಟೂರು ಅಕ್ಕ: ಮಕ್ಕಳು ಎಡವೋದೇ ಅಲ್ಲಿ. ಕನ್ನಡಕ್ಕೆ ಒಂದೇ ಪ್ರತ್ಯಯ ಸಾಕು, ಅದಕ್ಕೇ ‘ಸಿನ್ಸ್ ಟೂ ಅವರ್ಸ್’ ಅಂತ ಬರೀತಾರೆ.

ಗುಬ್ಬಿ ಭಾವ: ಮಾವ, ಅರ್ಜಿಗಳಲ್ಲಿ ‘ಸಿನ್ಸ್ ಲಾಸ್ಟ್ ತ್ರೀ ಇಯರ್ಸ್’ ಅಂತಿರುತ್ತಲ್ಲ, ಅದೂ ತಪ್ಪು. ಮೂರು ವರ್ಷ ಅನ್ನೋದು ಅಳತೆ, ‘ಫಾರ್ ದ ಲಾಸ್ಟ್ ತ್ರೀ ಇಯರ್ಸ್’ ಆಗ್ಬೇಕು. ‘ಸಿನ್ಸ್ ಲಾಸ್ಟ್ ಮಂಡೇ’ ಸರಿ, ಅದು ಒಂದು ದಿನದ ಗುರುತು. ಇನ್ನು ‘ಫಾರ್ = ಇಂದ’ ಅಂತೂ ನಿಲ್ಲೋದೇ ಇಲ್ಲ. ‘ಹೀ ಲಿವ್ಡ್ ಇನ್ ಸಿರಾ ಫಾರ್ ಫೈವ್ ಇಯರ್ಸ್’ ಅಂದ್ರೆ ಐದು ವರ್ಷ ಇದ್ದ, ಈಗಿಲ್ಲ. ‘ವಿಲ್ ಸ್ಟೇ ಫಾರ್ ಟೂ ಡೇಸ್’ ಅಂದ್ರೆ ಎರಡು ದಿನ ಇರ್ತಾನೆ. ಎಲ್ಲಿದೆ ‘ಇಂದ’?

ಸಿರಾ ಚಿಕ್ಕಪ್ಪ: ಸರಿ, ಚಿತ್ರ ಬಿಡಿ. ‘ಯಾವಾಗಿನಿಂದ’ ಅಂತ ಕೇಳಿದ್ರೆ ಸಿನ್ಸ್, ‘ಎಷ್ಟು ಹೊತ್ತು’ ಅಂತ ಕೇಳಿದ್ರೆ ಫಾರ್. ಪರೀಕ್ಷೆಗೆ ಇಷ್ಟು ಸಾಕಲ್ವಾ?

ತಿಪಟೂರು ಅಕ್ಕ: ಬಿಟ್ಟ ಸ್ಥಳ ತುಂಬೋಕೆ ಸಾಕು, ಸ್ವಂತ ವಾಕ್ಯ ಬರೆಯೋಕೆ ಸಾಲದು. ‘ಶೀ ಈಸ್ ವರ್ಕಿಂಗ್ ಇನ್ ತುಮಕೂರು ಸಿನ್ಸ್ 2019’ ನೋಡಿ. ಸಿನ್ಸ್ ಸರಿಯಾಗೇ ಕೂತಿದೆ, ಕೆಟ್ಟಿರೋದು ಕ್ರಿಯಾಪದ. ನಾವು ‘ಕೆಲಸ ಮಾಡ್ತಿದಾಳೆ’ ಅಂತ ವರ್ತಮಾನದಲ್ಲಿ ಹೇಳೋದ್ರಿಂದ ಮಗು ‘ಈಸ್’ ಹಾಕುತ್ತೆ. ಹಿಂದೆ ಶುರುವಾಗಿ ಈಗಲೂ ನಡೀತಿದ್ರೆ ‘ಹ್ಯಾಸ್ ಬೀನ್ ವರ್ಕಿಂಗ್’ ಬೇಕು. ‘ನೋ’ (ಗೊತ್ತಿರೋದು) ಅಂಥ ಕ್ರಿಯಾಪದಕ್ಕೆ ‘ಇಂಗ್’ ಹತ್ತಲ್ಲ: ‘ಐ ಹ್ಯಾವ್ ನೋನ್ ಹರ್ ಫಾರ್ ಟೆನ್ ಇಯರ್ಸ್’.

ಸಿರಾ ಚಿಕ್ಕಪ್ಪ: ಮತ್ತೆ ‘ಸಿನ್ಸ್ ಹೀ ಲೆಫ್ಟ್’ ಅಂತಾರಲ್ಲ, ಅಲ್ಲಿ ಭೂತಕಾಲ ಹೆಂಗೆ ಬಂತು?

ತಿಪಟೂರು ಅಕ್ಕ: ಹೋಗಿದ್ದು ಮುಗಿದ ಗಳಿಗೆ, ಅದಕ್ಕೆ ‘ಲೆಫ್ಟ್’. ನೋಡದೇ ಇರೋದು ಇವತ್ತಿಗೂ ಮುಂದುವರಿದಿದೆ, ಅದಕ್ಕೆ ‘ಐ ಹ್ಯಾವಂಟ್ ಸೀನ್ ಹಿಮ್ ಸಿನ್ಸ್ ಹೀ ಲೆಫ್ಟ್’. ಒಂದೇ ವಾಕ್ಯದಲ್ಲಿ ಎರಡು ಕಾಲ. ಇದನ್ನ ಬಿಡಿಸಿ ಹೇಳದೆ ಮುಂದೆ ಹೋಗಬಾರದು.

ಗುಬ್ಬಿ ಭಾವ: ‘ಆಲ್ ಡೇ’ ಹಿಂದೆ ಫಾರ್ ಬೇಡ ಅಂತಲೂ ಹೇಳಿ. ‘ಸಿನ್ಸ್ ಲಾಂಗ್’ ಬದಲು ‘ಫಾರ್ ಎ ಲಾಂಗ್ ಟೈಮ್’.

ಸಿರಾ ಚಿಕ್ಕಪ್ಪ: ಇಷ್ಟೆಲ್ಲ ಒಂದೇ ಪಾಠಕ್ಕೆ ಸುರಿದ್ರೆ ಮಗು ಏನೂ ಹಿಡಿಯಲ್ಲಮ್ಮ. ಮೊದಲು ಸಿನ್ಸ್, ಫಾರ್. ಕ್ರಿಯಾಪದ ಮುಂದಿನ ವಾರ.

ತಿಪಟೂರು ಅಕ್ಕ: ಬೇಡ ಚಿಕ್ಕಪ್ಪ, ಕ್ರಿಯಾಪದ ಮೊದಲು. ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಅಂತ ಬೋರ್ಡ್ ಮೇಲೆ ಬರೆದು ಅಳಿಸದೇ ಬಿಡಿ. ಈಗ ಆರು ಗಂಟೆ ಅಂತಿಟ್ಟುಕೊಳ್ಳಿ. ಅದರ ಮುಂದೆ ಒಮ್ಮೆ ‘ಸಿನ್ಸ್ ಫೋರ್’, ಒಮ್ಮೆ ‘ಫಾರ್ ಟೂ ಅವರ್ಸ್’ ಬರೆಸಿ. ಬಾಲ ಬದಲಾದ್ರೂ ಕ್ರಿಯಾಪದ ಅಲ್ಲಾಡಲ್ಲ ಅನ್ನೋದು ಕಣ್ಣಿಗೇ ಕಾಣುತ್ತೆ.