ಸಹಾಯ ಬೇಕು: ನರಿ ಬೇಟೆಗೆ ನನ್ನ ಮೊದಲ ರೈಫಲ್, ಸ್ಕೋಪ್ (ಗುರಿ ನೋಡುವ ದುರ್ಬೀನು) ಯಾವುದು?

ನಮಸ್ಕಾರ. ನಾನಿರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ. ಹಿಂದೆ ಯುರೋಪಿನಿಂದ ತಂದುಬಿಟ್ಟ ಕೆಂಪು ನರಿ ಇಲ್ಲಿ ಕುರಿಮರಿಗಳಿಗೆ ಯಮ. ಗೆಳೆಯನ ಜಮೀನಿನಲ್ಲಿ ಈ ಸಲವೂ ಮರಿಗಳು ಹೋದವು, ನೋಡಿ ಹೊಟ್ಟೆ ಉರಿಯಿತು.

ನನಗೆ ಲೈಸೆನ್ಸ್ ಬಂದಿದೆ, ಬಂದೂಕಿನ ಎ ಮತ್ತು ಬಿ ಎರಡೂ ವರ್ಗಕ್ಕೆ. ಗೆಳೆಯನ .22 ರಿಮ್‌ಫೈರ್ (ಕಡಿಮೆ ಶಕ್ತಿಯ ಸಣ್ಣ ಗುಂಡಿನ ರೈಫಲ್) ಹಿಡಿದು ನೋಡಿದೆ. 50 ಮೀಟರ್ ದಾಟಿದರೆ ಧೈರ್ಯ ಬರುವುದಿಲ್ಲ. ಪ್ರಾಣಿ ಗಾಯಗೊಂಡು ನರಳಬಾರದು ಅಲ್ವಾ? ಅದಕ್ಕೇ ಅದಕ್ಕಿಂತ ಶಕ್ತಿಯುತವಾದ .223 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್) ಅಂತ ಮನಸ್ಸು ಮಾಡಿದ್ದೇನೆ.

ಗೊಂದಲ ಇರುವುದು ಸ್ಕೋಪ್‌ನಲ್ಲಿ. ಅಂಗಡಿಯವರು 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿ.ಮೀ. ಲೆನ್ಸಿನದು ಸಾಕು ಅಂದರು. ಗೆಳೆಯ 4ರಿಂದ 16 ಪಟ್ಟಿನ, 50 ಮಿ.ಮೀ.ದು ತಗೋ ಅನ್ನುತ್ತಾನೆ. ಆದರೆ 16 ಪಟ್ಟಿನಲ್ಲಿ ಕಣ್ಣಿಗೆ ಬೀಳುವ ಬೆಳಕಿನ ವೃತ್ತ ಬರೀ 3 ಮಿ.ಮೀ. ಆಗುತ್ತದೆ, ಅಂದರೆ ಕತ್ತಲಲ್ಲಿ ಮಂಕಾಗಿ ಕಾಣುತ್ತದೆ. ನೋಟವೂ ಕಿರಿದು.

ರಾತ್ರಿ ಸ್ಪಾಟ್‌ಲೈಟ್‌ನಲ್ಲಿ, 150 ಮೀಟರ್ ಒಳಗೆ ಹೊಡೆಯಲು ಈ ಎರಡರಲ್ಲಿ ಯಾವುದು ತಗೊಳ್ಳಲಿ? .223 ಆಯ್ಕೆ ಸರಿಯೇ?